ಒಂದು ಬುತ್ತಿಯ ಕದನ

ಬೇಟೆಗೆ ಹೊರಟವನಿಗೆ ಬುತ್ತಿ ಏಕೆ? ಪ್ರಾಣಿ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ, ಇದು ಒಂದು ಕಾರಣ. ಸಿಕ್ಕಿದರೂ ಕೊಬ್ಬಿಲ್ಲದ ಮಾಂಸವನ್ನಷ್ಟೇ ತಿಂದು ಬಹಳ ದಿನ ಬದುಕಲಾಗದು. ಬರೀ ಮೊಲದ ಮಾಂಸ ತಿಂದವರು ಹೊಟ್ಟೆ ತುಂಬಿದ್ದರೂ ಸೊರಗಿ ಸಾಯುತ್ತಾರೆಂಬುದು ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ತಿಳಿದಿತ್ತು. ಅವರು ಕಂಡುಕೊಂಡ ಬುತ್ತಿಯೇ ಪೆಮಿಕನ್. ಹೆಸರು ಕ್ರೀ ಭಾಷೆಯದು. ಅದರಲ್ಲಿರುವ 'ಪಿಮಿ' ಎಂದರೆ ಕೊಬ್ಬು.

ಬೈಸನ್ ಎಂಬ ಕಾಡೆಮ್ಮೆಯ ಮಾಂಸವನ್ನು ತೆಳ್ಳಗೆ ಸೀಳಿ ಬಿಸಿಲಿಗೋ ಸಣ್ಣ ಬೆಂಕಿಗೋ ಒಣಗಿಸಿ, ಗರಿಗರಿಯಾದ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಈ ಕೆಲಸ ಬಹುಪಾಲು ಹೆಂಗಸರದು. ಪುಡಿಗೆ ಸುಮಾರು ಅಷ್ಟೇ ತೂಕದ ಕರಗಿಸಿದ ಕೊಬ್ಬು ಬೆರೆಸಿ, ಕೆಲವೊಮ್ಮೆ ಒಣಗಿದ ಕಾಡುಹಣ್ಣು ಹಾಕಿ, ತೊಗಲಿನ ಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಿದ್ದರು. ನೀರಿನ ಪಸೆ ಇಲ್ಲ, ಗಾಳಿ ತಾಗದಂತೆ ಸುತ್ತ ಕೊಬ್ಬು. ಹೀಗಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಲೆ ಹಚ್ಚದೆಯೂ ತಿನ್ನಬಹುದಿತ್ತು.

ಈ ಬುತ್ತಿಯ ಬೆಲೆ ತುಪ್ಪುಳದ ವ್ಯಾಪಾರಿಗಳಿಗೆ ಬೇಗ ಅರಿವಾಯಿತು. ಬೀವರ್ ಚರ್ಮ ತರಲು ಅವರ ದೋಣಿಗಳು ಸುಪೀರಿಯರ್ ಸರೋವರದಿಂದ ಅಥಬಾಸ್ಕಾ ಸೀಮೆಯವರೆಗೆ ಹೋಗಿ, ನದಿಗಳು ಹೆಪ್ಪುಗಟ್ಟುವುದರೊಳಗೆ ಮರಳಬೇಕು. ದಾರಿಯಲ್ಲಿ ಬೇಟೆಯಾಡುತ್ತ ಕೂರಲು ಸಮಯವೆಲ್ಲಿ? ಪೆಮಿಕನ್ ಚೀಲದ ತೂಕ 90 ಪೌಂಡು, ಅಂದರೆ ಸುಮಾರು 40 ಕಿಲೋ. ದೋಣಿಯವರು ಬೆನ್ನ ಮೇಲೆ ಹೊರುವ ಮೂಟೆಯ ತೂಕವೂ ಅದೇ. 1793ರಲ್ಲಿ ಶಾಂತಸಾಗರದತ್ತ ಹೊರಟ ಅಲೆಕ್ಸಾಂಡರ್ ಮೆಕೆಂಜಿ, ಹಿಂದಿರುಗುವಾಗ ಬೇಕೆಂದು ಪೆಮಿಕನ್ ಅನ್ನು ಗುಂಡಿಯಲ್ಲಿ ಹೂತು, ಗುರುತು ಸಿಗದಿರಲೆಂದು ಮೇಲೆ ಬೆಂಕಿ ಹಾಕಿಸಿದ. ಚಿನ್ನಕ್ಕೂ ಅಷ್ಟು ಜೋಪಾನ ಇದ್ದೀತೇ!

ಬುತ್ತಿಯನ್ನು ತಡೆದರೆ ವ್ಯಾಪಾರವೇ ನಿಂತುಹೋಗುವಂತಿತ್ತು. ರೆಡ್ ನದಿಯ ದಂಡೆಯಲ್ಲಿ, ಈಗಿನ ವಿನ್ನಿಪೆಗ್ ಇರುವಲ್ಲಿ, ಹಡ್ಸನ್ಸ್ ಬೇ ಕಂಪನಿಯ ನೆರಳಿನಲ್ಲಿ ಹೊಸ ವಸಾಹತೊಂದು ತಲೆಯೆತ್ತಿತ್ತು. ಅಲ್ಲಿನವರಿಗೆ ಹಸಿವೆ. 1814ರ ಜನವರಿ 8ರಂದು ಗವರ್ನರ್ ಮೈಲ್ಸ್ ಮೆಕ್‌ಡೊನೆಲ್, ಪೆಮಿಕನ್ ಸೇರಿದಂತೆ ಯಾವ ಆಹಾರವನ್ನೂ ಸೀಮೆಯಿಂದಾಚೆ ಒಯ್ಯಕೂಡದೆಂದು ಒಂದು ವರ್ಷದ ನಿರ್ಬಂಧ ಹೊರಡಿಸಿದ. ಎದುರಾಳಿ ನಾರ್ತ್ ವೆಸ್ಟ್ ಕಂಪನಿ ಕೆರಳಿತು. ಅದಕ್ಕಿಂತ ಹೆಚ್ಚಾಗಿ ಕೆರಳಿದವರು ಮೆಟಿ ಜನ. ಯುರೋಪಿಯನ್ ವ್ಯಾಪಾರಿಗಳಿಗೂ ಮೂಲನಿವಾಸಿ ಸ್ತ್ರೀಯರಿಗೂ ಹುಟ್ಟಿದವರ ಸಂತತಿ. ಬೈಸನ್ ಬೇಟೆ, ಪೆಮಿಕನ್ ಮಾರಾಟ ಅವರ ಜೀವನೋಪಾಯ. ನಿನ್ನೆ ಮೊನ್ನೆ ಬಂದವರು ತಮ್ಮ ಬೇಟೆಗೆ ಕಾನೂನು ಹಾಕುವುದೆಂದರೇನು ಎಂಬ ಅವರ ಸಿಟ್ಟು ಅಕಾರಣವಾದುದಲ್ಲ.

1816ರ ಜೂನ್ 19ರಂದು ಕತ್ಬರ್ಟ್ ಗ್ರಾಂಟ್‌ನ ಮೆಟಿ ತಂಡ ಪೆಮಿಕನ್ ಸಾಗಿಸುತ್ತ ವಸಾಹತಿನ ಪಕ್ಕ ಹಾದುಹೋಗುತ್ತಿತ್ತು. ಹಡ್ಸನ್ಸ್ ಬೇ ದೋಣಿಗಳಿಂದ ಕಿತ್ತುಕೊಂಡ ಚೀಲಗಳೂ ಅದರಲ್ಲಿದ್ದವು. ಹೊಸ ಗವರ್ನರ್ ರಾಬರ್ಟ್ ಸೆಂಪಲ್ ಸೆವೆನ್ ಓಕ್ಸ್ ಎಂಬಲ್ಲಿ ಅಡ್ಡಗಟ್ಟಿದ. ಮಾತಿಗೆ ಮಾತು ಬೆಳೆದು ಗುಂಡು ಹಾರಿತು. ಸೆಂಪಲ್ ಸೇರಿ ಅವನ ಕಡೆಯ 21 ಮಂದಿ ಸತ್ತರು. ಮೆಟಿ ಪಾಳೆಯದಲ್ಲಿ ಒಬ್ಬ. ಮೊದಲ ಗುಂಡು ಯಾರದೆಂಬ ವಾದ ಬಹುಕಾಲ ನಡೆಯಿತು. 1821ರಲ್ಲಿ ಎರಡು ಕಂಪನಿಗಳೂ ಒಂದಾದವು.

ಮೆಟಿ ಬೇಟೆ ಮಾತ್ರ ನಿಲ್ಲಲಿಲ್ಲ. 1840ರ ಬೇಟೆಗೆ 1,210 ಗಾಡಿ, 1,630 ಜನ ಹೊರಟರೆಂದು ಅಲೆಕ್ಸಾಂಡರ್ ರಾಸ್ ಬರೆದಿಟ್ಟಿದ್ದಾನೆ. ಅಪ್ಪಣೆಗೆ ಮೊದಲೇ ಬೈಸನ್ ಬೆನ್ನಟ್ಟಿದವನ ಜೀನು, ಲಗಾಮುಗಳನ್ನು ಕತ್ತರಿಸಿ ಹಾಕುತ್ತಿದ್ದರು. ಆದರೆ 1880ರ ದಶಕದ ಹೊತ್ತಿಗೆ ಆ ಬಯಲುಗಳಲ್ಲಿ ಬೇಟೆಯಾಡಲು ಬೈಸನ್ ಹಿಂಡುಗಳೇ ಇರಲಿಲ್ಲ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸನ್‌ನ ಬಂಡಿಗಳಲ್ಲಿಯೂ ಪೆಮಿಕನ್ ಇತ್ತು; ಅದು ಬೈಸನ್‌ನದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು.