ಕಂತಿನ ಖರೀದಿ
ಫ್ರಿಜ್, ಟಿವಿ, ಬೈಕಿನಂಥ ದುಬಾರಿ ವಸ್ತುವನ್ನು ಅಂಗಡಿಯಿಂದ ಒಡನೆ ಪಡೆದು, ಬೆಲೆಯನ್ನು ತಿಂಗಳ ಕಂತುಗಳಲ್ಲಿ ತೀರಿಸುವ ಸಾಲದ ವ್ಯವಹಾರ. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಸಿಂಗರ್ ಕಂಪನಿ ಹೊಲಿಗೆ ಯಂತ್ರಗಳನ್ನು ಹೀಗೆ ಮಾರಿ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಇದರ ಒಂದು ಬಗೆಯಾದ ಬಾಡಿಗೆ-ಖರೀದಿ ಕರಾರಿನಲ್ಲಿ ಕೊನೆಯ ಕಂತು ಸಂದಾಯವಾಗುವವರೆಗೆ ವಸ್ತುವಿನ ಒಡೆತನ ಕೊಂಡವರದಲ್ಲ. ‘ಬಡ್ಡಿಯಿಲ್ಲದ ಕಂತು’ ಎಂಬ ಮಾತು ಬಹುಮಟ್ಟಿಗೆ ದಾರಿ ತಪ್ಪಿಸುವಂಥದು: ನಗದು ಕೊಟ್ಟರೆ 22,000 ರೂಪಾಯಿಗೆ ಸಿಗುವ ಫ್ರಿಜ್‌ಗೆ ತಿಂಗಳಿಗೆ 2,000ದಂತೆ 12 ಕಂತು ಕಟ್ಟಿದರೆ, ಕೈತಪ್ಪಿದ ರಿಯಾಯಿತಿಯೇ ವರ್ಷಕ್ಕೆ ಸುಮಾರು ಶೇ. 16ರ ಬಡ್ಡಿಗೆ ಸಮ. ಪ್ರೊಸೆಸಿಂಗ್ ಶುಲ್ಕ ಬೇರೆ. ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲಿ ಬ್ಯಾಂಕುಗಳ ಇಂಥ ಶೂನ್ಯ ಬಡ್ಡಿ ಯೋಜನೆಗಳನ್ನು ನಿರ್ಬಂಧಿಸಿತು. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಾಲ ತೀರಿಸುವ ವಿಶ್ವಾಸಾರ್ಹತೆಯನ್ನು ಅಳೆಯುವ ಸಿಬಿಲ್ ಅಂಕ ಇಳಿಯುತ್ತದೆ. ಹಳೆಯ ಕಂತಿಗೆ ಹೊಸ ಕೈಸಾಲ ಮಾಡುವ ಸುಳಿಗೆ ನಿಗದಿತ ಸಂಬಳವಿಲ್ಲದ ಮನೆಗಳು ಬಲುಬೇಗ ಸಿಲುಕುತ್ತವೆ.