ಜಾಝ್ ಧ್ವನಿಮುದ್ರಣಗಳ ಡಿಜಿಟಲ್ ಮರುಬಿಡುಗಡೆ

ಅಮೆರಿಕದ ಜಾಝ್ ಸಂಗೀತದ ಹಳೆಯ ಮುದ್ರಣಗಳನ್ನು ಗ್ರಾಮಫೋನ್ ತಟ್ಟೆ ಮತ್ತು ಟೇಪುಗಳಿಂದ ಡಿಜಿಟಲ್ ರೂಪಕ್ಕೆ ತಂದು, ದೋಷಗಳನ್ನು ತಿದ್ದಿ ಮತ್ತೆ ಕೇಳುಗರಿಗೆ ಒದಗಿಸುವ ಕೆಲಸ. ಬರೆದಿಟ್ಟ ಸ್ವರಗಳಿಗಿಂತ ವಾದಕನ ಆ ಹೊತ್ತಿನ ಮನೋಧರ್ಮಕ್ಕೇ ಜಾಝ್‌ನಲ್ಲಿ ಹೆಚ್ಚಿನ ಬೆಲೆ. ಆದ್ದರಿಂದ ಈ ಸಂಗೀತದ ಚರಿತ್ರೆಗೆ ಧ್ವನಿಮುದ್ರಣವೇ ಮುಖ್ಯ ಆಕರ. ಮುದ್ರಣದ ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ. ಮೈಕು ತಪ್ಪಿದರೆ ವಾದಕನೇ ಕಾಣೆಯಾಗುತ್ತಾನೆ.

ತಟ್ಟೆಯ ಕಾಲ

ಮೊದಲ ಜಾಝ್ ತಟ್ಟೆಯೆಂದು ಸಾಮಾನ್ಯವಾಗಿ ಹೆಸರಿಸುವುದು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ತಂಡ 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗಾಗಿ ನುಡಿಸಿದ್ದನ್ನು. ಆಗ ಮೈಕು ಇರಲಿಲ್ಲ. ವಾದಕರು ದೊಡ್ಡ ಕಹಳೆಯೊಂದರ ಮುಂದೆ ನಿಂತು ನುಡಿಸುತ್ತಿದ್ದರು. ನಾದದ ಬಲದಿಂದಲೇ ಮುಳ್ಳು ಅಲುಗಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. 1923ರಲ್ಲಿ ಇಂಡಿಯಾನಾದ ರಿಚ್ಮಂಡ್‌ನ ಜೆನೆಟ್ ಸ್ಟುಡಿಯೊದಲ್ಲಿ ಕಿಂಗ್ ಒಲಿವರ್ ತಂಡ ನುಡಿಸಿದಾಗ, ಉಳಿದವರನ್ನು ಮುಳುಗಿಸಿಬಿಡುವಷ್ಟು ಗಟ್ಟಿಯಾಗಿ ಊದುತ್ತಿದ್ದ ಯುವಕ ಲೂಯಿ ಆರ್ಮ್‌ಸ್ಟ್ರಾಂಗ್‌ರನ್ನು ದೂರಕ್ಕೆ ನಿಲ್ಲಿಸಲಾಯಿತೆಂದು ಅದೇ ತಂಡದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾರೆ. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಳಕೆಗೆ ಬಂದ ಮೇಲೆ ತಂತಿವಾದ್ಯ, ತಾಳವಾದ್ಯಗಳು ಸ್ಪಷ್ಟವಾಗಿ ಕೇಳಿಸತೊಡಗಿದವು.

ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ತಟ್ಟೆಗೆ ಬೇಕಾದ ಅರಗು ಬಹುಪಾಲು ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗು ದುರ್ಲಭವಾದಾಗ ಹಳೆಯ ತಟ್ಟೆಗಳನ್ನು ಪುಡಿಮಾಡಿ ಮತ್ತೆ ಬಳಸಲಾಯಿತು. ಅದೇ ಸಮಯದಲ್ಲಿ, 1942ರ ಆಗಸ್ಟ್ 1ರಿಂದ, ಅಮೆರಿಕದ ವಾದಕರ ಸಂಘ ಮುದ್ರಣವನ್ನು ಬಹಿಷ್ಕರಿಸಿತು. ದೊಡ್ಡ ಕಂಪನಿಗಳೊಂದಿಗೆ ಒಪ್ಪಂದ ಪೂರ್ಣವಾದದ್ದು 1944ರ ನವೆಂಬರಿನಲ್ಲಿ. ಬೀಬಾಪ್ ಶೈಲಿ ರೂಪುಗೊಳ್ಳುತ್ತಿದ್ದ ಈ ಅವಧಿಯ ಸಂಗೀತ ಬಹುಮಟ್ಟಿಗೆ ಮುದ್ರಣವಾಗದೆ ಹೋಯಿತು.

ಟೇಪು ಮತ್ತು ಎಲ್‌ಪಿ

1940ರ ದಶಕದ ಕೊನೆಯಲ್ಲಿ ಟೇಪು ಸ್ಟುಡಿಯೊಗಳನ್ನು ಹೊಕ್ಕಿತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಂದಿತು. ಮೂರು ನಿಮಿಷದ ಕಟ್ಟು ಸಡಿಲಿತು, ಒಂದೇ ರಚನೆಯನ್ನು ಕಾಲು ಗಂಟೆ ವಿಸ್ತರಿಸುವುದು ಸಾಧ್ಯವಾಯಿತು. ಬ್ಲೂ ನೋಟ್ ಕಂಪನಿಯ ಹೆಸರಾಂತ ಆಲ್ಬಮ್‌ಗಳನ್ನು ಮುದ್ರಿಸಿದ ರೂಡಿ ವ್ಯಾನ್ ಗೆಲ್ಡರ್ ಮೊದಲಿಗೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ನಡುಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದರು. 1959ರಲ್ಲಿ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು.

ಪರಿವರ್ತನೆಯ ಕ್ರಮ

ಅರಗಿನ ತಟ್ಟೆಯ ಗೆರೆ ಎಲ್‌ಪಿಯ ಗೆರೆಗಿಂತ ಅಗಲ. ಹಾಗಾಗಿ ಅದಕ್ಕೆ ದಪ್ಪ ಮುಳ್ಳು ಬೇಕು. ಹಳೆಯ ತಟ್ಟೆಗಳ ನಿಜವಾದ ವೇಗ ಎಲ್ಲ ಕಡೆ 78 ಸುತ್ತೇ ಆಗಿರಲಿಲ್ಲ. ವಾದ್ಯಗಳ ಶ್ರುತಿಯನ್ನು ಗಮನಿಸಿ ಅದನ್ನು ಕಂಡುಕೊಳ್ಳಬೇಕು. ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸಿ ಕೊರೆಯುವ ಪ್ರಮಾಣವೂ 1950ರ ದಶಕದ ನಡುವಿನವರೆಗೆ ಕಂಪನಿಯಿಂದ ಕಂಪನಿಗೆ ಬೇರೆ ಇತ್ತು. ಇವೆಲ್ಲ ಹೊಂದಿದ ಮೇಲೆ ಕಂಪ್ಯೂಟರಿನಲ್ಲಿ ಚಿಟಪಟ ಸದ್ದನ್ನೂ ಸವೆತದ ಕರಕರವನ್ನೂ ತೆಗೆಯುತ್ತಾರೆ. ಸದ್ದು ಪೂರ್ತಿ ಹೋಗಲೆಂದು ಹೊರಟರೆ ಸಿಂಬಲ್ಲಿನ ಝೇಂಕಾರವೂ ಟ್ರಂಪೆಟ್ಟಿನ ಮೊನಚೂ ಅದರೊಡನೆ ಹೋಗುತ್ತವೆ. ಬ್ರಿಟನ್ನಿನ ಜಾನ್ ಆರ್. ಟಿ. ಡೇವಿಸ್ (1927–2004) ಈ ಕೆಲಸದಲ್ಲಿ ಹೆಸರಾದವರು.

ಎರಡು ನಿದರ್ಶನಗಳು

ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾದ 30ನೆಯ ಬೀದಿಯ ಸ್ಟುಡಿಯೊದಲ್ಲಿ ಮುದ್ರಣಗೊಂಡಿತು. ಮೊದಲ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್‌ಪಿಯ ಮೊದಲ ಬದಿ ತುಸು ಚುರುಕಾಗಿ, ಶ್ರುತಿ ಏರಿದಂತೆ ಕೇಳುತ್ತಿತ್ತು. ಎಲ್‌ಪಿಯ ಜೊತೆಗೆ ನುಡಿಸಿ ಕಲಿಯುವವರ ವಾದ್ಯ ಅದಕ್ಕೆ ಹೊಂದುತ್ತಿರಲಿಲ್ಲ. ಜೊತೆಗೆ ಓಡಿಸಿದ್ದ ಇನ್ನೊಂದು ಯಂತ್ರದ ಟೇಪಿನಿಂದ 1992ರ ಮರುಬಿಡುಗಡೆಯಲ್ಲಿ ಇದನ್ನು ಸರಿಪಡಿಸಲಾಯಿತು.

1956ರ ಜುಲೈ 7ರ ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನಿನಲ್ಲಿ 27 ಆವರ್ತಗಳ ವಿಸ್ತಾರ ನುಡಿಸಿ ಸಭೆಯನ್ನು ಎಬ್ಬಿಸಿ ನಿಲ್ಲಿಸಿದರು. ಆದರೆ ಅವರು ಊದಿದ್ದು ಕೊಲಂಬಿಯಾದ ಮೈಕಿಗಲ್ಲ, ವಾಯ್ಸ್ ಆಫ್ ಅಮೆರಿಕ ಬಾನುಲಿಯ ಮೈಕಿಗೆ. ಹೀಗಾಗಿ ಆಲ್ಬಮ್ಮಿನಲ್ಲಿ ಅವರ ವಾದನ ದೂರದಿಂದೆಂಬಂತೆ ಕೇಳುತ್ತಿತ್ತು. ಇತರ ಭಾಗಗಳಲ್ಲಿ ಬಹಳಷ್ಟನ್ನು ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಲಾಗಿತ್ತು. ಬಾನುಲಿಯ ಟೇಪು ದೊರೆತ ಮೇಲೆ, ಎರಡನ್ನೂ ಕಾಲಕ್ಕೆ ಸರಿಯಾಗಿ ಜೋಡಿಸಿದ ಸ್ಟೀರಿಯೊ ಆವೃತ್ತಿ 1999ರಲ್ಲಿ ಹೊರಬಂತು.

ಹೊಸದಾಗಿ ಸಿಕ್ಕ ಮುದ್ರಣಗಳು

2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುತ್ತಿದ್ದಾಗ, ಥೆಲೋನಿಯಸ್ ಮಂಕ್ ಮತ್ತು ಜಾನ್ ಕೋಲ್ಟ್ರೇನ್ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಕೊಟ್ಟ ಕಛೇರಿ ಸಿಕ್ಕಿತು. ಇಬ್ಬರೂ ಜೊತೆಯಾಗಿ ನುಡಿಸಿದ ಮುದ್ರಣಗಳು ಅಲ್ಲಿಯವರೆಗೆ ಬೆರಳೆಣಿಕೆಯಷ್ಟಿದ್ದವು. ಕೋಲ್ಟ್ರೇನ್ 1963ರ ಮಾರ್ಚ್ 6ರಂದು ಮುದ್ರಿಸಿದ ಆಲ್ಬಮ್ಮೊಂದು 2018ರಲ್ಲಿ ಬಿಡುಗಡೆಯಾಯಿತು.

ಇಂದಿನ ಕೇಳುಗ

ಸ್ಟ್ರೀಮಿಂಗ್ ಸೇವೆಗಳಲ್ಲಿ ಒಂದೇ ಆಲ್ಬಮ್ಮಿನ ಹಲವು ಆವೃತ್ತಿಗಳು ಸಿಗುತ್ತವೆ. ಪರದೆಯಲ್ಲಿ ಕಾಣುವ ವರ್ಷ ಅನೇಕ ಸಲ ಮರುಬಿಡುಗಡೆಯದ್ದು, ಮುದ್ರಣದ್ದಲ್ಲ. ಎಲ್‌ಪಿಯ ಹಿಂಬದಿಯಲ್ಲಿ ಅಚ್ಚಾಗುತ್ತಿದ್ದ ಪಕ್ಕವಾದ್ಯದವರ ಹೆಸರು, ತಾರೀಖು, ಸ್ಟುಡಿಯೊ ಇಲ್ಲಿ ಹಲವೊಮ್ಮೆ ಬಿಟ್ಟುಹೋಗಿರುತ್ತವೆ. ಒಂದು ಗುಂಪಿನ ಡ್ರಮ್ಮರ್ ಮುಂದೆ ಇನ್ನೊಂದು ಗುಂಪಿನ ನಾಯಕನಾಗುವ ಸಂಗೀತದಲ್ಲಿ ಇದು ಸಣ್ಣ ಕೊರತೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯ ನಿರ್ವಹಿಸುವ ಹಳೆಯ ಮುದ್ರಣಗಳ ಸೂಚಿಯಿಂದ ಈ ವಿವರಗಳಲ್ಲಿ ಎಷ್ಟೋ ತಿಳಿಯುತ್ತವೆ. ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಆರಂಭಿಸಿದ ನ್ಯಾಷನಲ್ ಜ್ಯೂಕ್‌ಬಾಕ್ಸ್‌ನಲ್ಲಿ ವಿಕ್ಟರ್ ಕಂಪನಿಯ ಹಳೆಯ ತಟ್ಟೆಗಳನ್ನು ಉಚಿತವಾಗಿ ಕೇಳಬಹುದು.

ಹಕ್ಕುಸ್ವಾಮ್ಯ

ಅಮೆರಿಕದ 2018ರ ಕಾನೂನಿನಂತೆ 1923ಕ್ಕಿಂತ ಹಿಂದಿನ ಧ್ವನಿಮುದ್ರಣಗಳು 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಕಿಂಗ್ ಒಲಿವರ್ ತಂಡದ 1923ರ ತಟ್ಟೆಗಳು 2024ರ ಆರಂಭದಲ್ಲಿ ಆ ಸಾಲಿಗೆ ಸೇರಿದವು. 1957ರಿಂದ 1972ರ ಫೆಬ್ರವರಿ 14ರವರೆಗಿನ ಮುದ್ರಣಗಳಿಗೆ, ‘ಕೈಂಡ್ ಆಫ್ ಬ್ಲೂ’ ಸೇರಿದಂತೆ, ಅಲ್ಲಿ 2067ರ ಫೆಬ್ರವರಿ 15ರವರೆಗೆ ರಕ್ಷಣೆ ಇದೆ.