ನೀಲಗಿರಿ ಪರ್ವತ ರೈಲುಮಾರ್ಗ

ತಮಿಳುನಾಡಿನ ಮೆಟ್ಟುಪಾಳ್ಯಂನಿಂದ ಕೂನೂರಿನ ಮೂಲಕ ಉದಕಮಂಡಲಕ್ಕೆ ಸಾಗುವ, ಸುಮಾರು 46 ಕಿ.ಮೀ. ಉದ್ದದ ಮೀಟರ್ ಗೇಜ್ ರೈಲುಮಾರ್ಗ; ಹಲ್ಲುಕಂಬಿಯ ಆಸರೆಯಿಂದ ಬೆಟ್ಟವೇರುವ ಭಾರತದ ಏಕೈಕ ಮಾರ್ಗವೂ ಹೌದು. ಸಮುದ್ರಮಟ್ಟದಿಂದ 326 ಮೀ. ಎತ್ತರದಲ್ಲಿ ಹೊರಡುವ ಗಾಡಿ 208 ತಿರುವುಗಳನ್ನೂ 16 ಸುರಂಗಗಳನ್ನೂ ಚಿಕ್ಕದೊಡ್ಡ 250 ಸೇತುವೆಗಳನ್ನೂ ದಾಟಿ 2,203 ಮೀ. ಎತ್ತರವನ್ನು ಮುಟ್ಟುತ್ತದೆ.

ಸಾಮಾನ್ಯ ರೈಲಿನಲ್ಲಿ ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಘರ್ಷಣೆಯೊಂದರಿಂದಲೇ ಹಿಡಿದುಕೊಂಡು ಸಾಗುತ್ತದೆ. ಸಮತಟ್ಟಿನಲ್ಲಿ ಭಾರಿ ಹೊರೆಯನ್ನು ಎಳೆಯಲು ಈ ಹಿಡಿತ ಧಾರಾಳವಾಗಿ ಸಾಕಾದರೂ ಏರು ಕಡಿದಾದಂತೆ ಗಾಲಿ ನಿಂತಲ್ಲೇ ಸುತ್ತತೊಡಗುತ್ತದೆ, ಮಳೆಗೆ ಹಳಿ ನೆನೆದಿದ್ದರಂತೂ ಇನ್ನೂ ಬೇಗ ಜಾರುತ್ತದೆ. ಕಷ್ಟದ ಹಾದಿಯೆಂದು ಹೆಸರಾದ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಹಳಿಯ ಏರು 50 ಮೀ. ದೂರಕ್ಕೆ 1 ಮೀ. ಇದ್ದರೆ, ನೀಲಗಿರಿ ಮಾರ್ಗದ ಕಲ್ಲಾರ್ ಮತ್ತು ಕೂನೂರುಗಳ ನಡುವೆ ಅದು ಸುಮಾರು 12 ಮೀ.ಗೆ 1 ಮೀ.ನಷ್ಟಾಗುತ್ತದೆ. ಹೀಗಾಗಿ ಸುಮಾರು 20 ಕಿ.ಮೀ. ಉದ್ದದ ಈ ಭಾಗದಲ್ಲಿ ಎರಡು ಹಳಿಗಳ ನಟ್ಟನಡುವೆ, ಅವುಗಳಿಗಿಂತ ತುಸು ಎತ್ತರದಲ್ಲಿ, ಹಲ್ಲುಗಳನ್ನು ಕೊರೆದ ಉಕ್ಕಿನ ಪಟ್ಟಿಗಳನ್ನು ಜೋಡಿಸಲಾಗಿದ್ದು, ಎಂಜಿನ್ನಿನ ಅಡಿಯಲ್ಲಿರುವ ಹಲ್ಲುಚಕ್ರಗಳು ಇವುಗಳಿಗೆ ಕಚ್ಚಿಕೊಂಡು ತಿರುಗುತ್ತವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಈ ಪದ್ಧತಿಯಲ್ಲಿ ಎರಡು ಪಟ್ಟಿಗಳು ಪಕ್ಕಪಕ್ಕದಲ್ಲಿದ್ದು, ಒಂದರ ಹಲ್ಲಿಗೆ ಎದುರಾಗಿ ಇನ್ನೊಂದರ ಸಂದು ಬರುವುದರಿಂದ, ಒಂದು ಹಲ್ಲು ಬಿಡುವ ಮೊದಲೇ ಮತ್ತೊಂದು ಹಿಡಿದಿರುತ್ತದೆ; ಹಿಡಿತ ಕ್ಷಣಮಾತ್ರವೂ ತಪ್ಪದೆ ಗಾಡಿ ಕುಲುಕಾಟವಿಲ್ಲದೆ ಮೇಲೇರುತ್ತದೆ.

ಉದಕಮಂಡಲ ಮದರಾಸು ಪ್ರಾಂತದ ಬೇಸಿಗೆಯ ರಾಜಧಾನಿಯಾಗಿದ್ದುದೇ ಇಂಥದೊಂದು ಸಾಹಸಕ್ಕೆ ಮುಖ್ಯ ಪ್ರೇರಣೆ. ಬೆಟ್ಟಕ್ಕೆ ರೈಲು ಒಯ್ಯುವ ಸಲಹೆ 1854ರಷ್ಟು ಹಿಂದೆಯೇ ಬಂದಿತ್ತು. 1871ರಲ್ಲಿ ಸ್ವಿಟ್ಜರ್ಲೆಂಡಿನ ರೀಗಿ ಪರ್ವತಕ್ಕೆ ಹಲ್ಲುಕಂಬಿ ರೈಲನ್ನು ಓಡಿಸಿ ಕೀರ್ತಿ ಪಡೆದಿದ್ದ ನಿಕ್ಲೌಸ್ ರಿಗ್ಗೆನ್‌ಬಾಕ್ 1880ರ ದಶಕದಲ್ಲಿ ಕೂನೂರು ಮಾರ್ಗಕ್ಕೂ ಯೋಜನೆಯನ್ನು ಸಿದ್ಧಪಡಿಸಿದನಾದರೂ ಬಂಡವಾಳ ಕೂಡಿಬರದೆ ಅದು ಕೈಗೂಡಲಿಲ್ಲ. ಕೊನೆಗೆ ಆಬ್ಟ್ ಪದ್ಧತಿಯನ್ನು ಆಯ್ದುಕೊಂಡು 1891ರಲ್ಲಿ ಕೆಲಸ ಆರಂಭಿಸಿದ ಕಂಪನಿ ಮೂರೇ ವರ್ಷಗಳಲ್ಲಿ ದಿವಾಳಿಯಾದ ಕಾರಣ ಹೊಸ ಕಂಪನಿಯೊಂದು ಅದನ್ನು ಮುಂದುವರಿಸಬೇಕಾಯಿತು. 1899ರ ಜೂನ್‌ನಲ್ಲಿ ಕೂನೂರಿನವರೆಗೆ ರೈಲು ಸಂಚಾರ ಮೊದಲಾಯಿತು. ಉದಕಮಂಡಲವನ್ನು ಮುಟ್ಟಲು 1908ರವರೆಗೆ ಕಾಯಬೇಕಾಯಿತು.

ಈ ಮಾರ್ಗದ ಹೆಗ್ಗುರುತಾದ ಎಕ್ಸ್ ವರ್ಗದ ಉಗಿ ಎಂಜಿನ್ನುಗಳನ್ನು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ನಗರದ ಕಾರ್ಖಾನೆ 1914ರಿಂದ ಮೊದಲುಗೊಂಡು ನಿರ್ಮಿಸಿಕೊಟ್ಟಿತು. ಕಡೆಯ ತಂಡ ಬಂದದ್ದು 1952ರಲ್ಲಿ. ಇವುಗಳ ರಚನೆಯಲ್ಲಿರುವ ಜಾಣ್ಮೆ ಗಮನಿಸತಕ್ಕದ್ದು. ಒಂದೊಂದು ಎಂಜಿನ್ನಿಗೂ ನಾಲ್ಕು ಸಿಲಿಂಡರುಗಳಿದ್ದು, ಅವುಗಳಲ್ಲಿ ಎರಡು ಹಳಿಯ ಮೇಲಿನ ಗಾಲಿಗಳನ್ನೂ ಉಳಿದೆರಡು ಹಲ್ಲುಚಕ್ರಗಳನ್ನೂ ತಿರುಗಿಸುತ್ತವೆ. ಬಯಲಿನಲ್ಲಿ ಮೊದಲ ಜೋಡಿ ಮಾತ್ರ ದುಡಿಯುತ್ತದೆ. ಹಲ್ಲುಕಂಬಿ ಎದುರಾದಾಗ, ಈ ಜೋಡಿಯಲ್ಲಿ ಒಮ್ಮೆ ಕೆಲಸ ಮಾಡಿ ಒತ್ತಡ ಕಳೆದುಕೊಂಡ ಉಗಿಯನ್ನು ಹೊರಗೆ ಬಿಡದೆ ಎರಡನೆಯ ಜೋಡಿಗೆ ಹಾಯಿಸಲಾಗುತ್ತದೆ. ಹೀಗೆ ಒಂದೇ ಉಗಿಯಿಂದ ಎರಡು ಬಾರಿ ಕೆಲಸ ತೆಗೆಯುವುದಕ್ಕೆ ಸಂಯುಕ್ತ ವಿಧಾನವೆಂದು ಹೆಸರು.

ಬೆಟ್ಟದ ರೈಲಿಗೆ ಹತ್ತುವುದಕ್ಕಿಂತ ಇಳಿಯುವುದು ಕಠಿಣ. ಶಕ್ತಿ ಸಾಲದ ಎಂಜಿನ್ನು ಏರಿನಲ್ಲಿ ನಿಂತುಬಿಡುತ್ತದೆ, ಅಷ್ಟೆ. ಇಳಿಜಾರಿನಲ್ಲಿ ಹತೋಟಿ ತಪ್ಪಿದ ಗಾಡಿಯನ್ನು ಮತ್ತೆ ಹಿಡಿದು ನಿಲ್ಲಿಸುವುದು ಅಸಾಧ್ಯವೆಂದೇ ಹೇಳಬೇಕು. ಮಾರ್ಗದ ಕಾರ್ಯಾಚರಣೆಯ ನಿಯಮಗಳೆಲ್ಲ ಈ ಒಂದು ಅರಿವಿನಿಂದ ಹುಟ್ಟಿದಂಥವು. ಎಂಜಿನ್ನು ಸದಾ ಗಾಡಿಯ ತಗ್ಗಿನ ತುದಿಯಲ್ಲೇ ಇದ್ದು, ಹತ್ತುವಾಗ ಡಬ್ಬಿಗಳನ್ನು ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಕೆಳಕ್ಕೆ ಉರುಳಿಹೋಗುವ ಭಯ ಇದರಿಂದ ನೀಗುತ್ತದೆ. ಇಳಿಯುವಾಗ ಸಿಲಿಂಡರುಗಳು ಉಗಿಯ ಬದಲು ಗಾಳಿಯನ್ನು ಒಳಗೆಳೆದು ಒತ್ತುವಂತೆ ಮಾಡಿ, ಆ ಪ್ರತಿರೋಧದಿಂದಲೇ ವೇಗವನ್ನು ಹಿಡಿತದಲ್ಲಿಡುವ ಪ್ರತಿಒತ್ತಡದ ಬ್ರೇಕು ಎಂಜಿನ್ನಿಗಿದೆ. ರಿಗ್ಗೆನ್‌ಬಾಕ್‌ನ ಯೋಜನೆ ನೀಲಗಿರಿಯಲ್ಲಿ ಕೈಗೂಡದಿದ್ದರೂ ಅವನು ಬಳಕೆಗೆ ತಂದ ಈ ತತ್ತ್ವ ಇಲ್ಲಿ ಉಳಿದುಬಂದಿದೆ. ಇದರ ಜೊತೆಗೆ ಡಬ್ಬಿಗಳ ತುದಿಯ ಮೊಗಸಾಲೆಗಳಲ್ಲಿ ಬ್ರೇಕ್‌ಮನ್‌ಗಳು ನಿಂತು, ಸಂಜ್ಞೆ ಬಂದೊಡನೆ ಕೈಬ್ರೇಕುಗಳನ್ನು ತಿರುವುತ್ತಾರೆ. ಮಳೆ ಮಂಜುಗಳೆನ್ನದೆ ಹಳಿಯ ಮೇಲೆ ಕಣ್ಣಿಟ್ಟಿರುವ ಇವರ ಎಚ್ಚರಕ್ಕೆ ಸಲ್ಲಬೇಕಾದ ಮನ್ನಣೆ ಎಂಜಿನ್ನಿನ ಖ್ಯಾತಿಯ ಮರೆಯಲ್ಲಿ ಉಳಿದುಹೋಗಿದೆ.

ಹಲ್ಲುಕಂಬಿಯ ಭಾಗದಲ್ಲಿ ಗರಿಷ್ಠ ವೇಗ ಗಂಟೆಗೆ 13 ಕಿ.ಮೀ. ಮಾತ್ರ. ಎಂಜಿನ್ನಿಗೆ ನೀರು ತುಂಬಲು ಹಿಲ್‌ಗ್ರೋವ್ ಮೊದಲಾದ ನಿಲ್ದಾಣಗಳಲ್ಲಿ ಗಾಡಿ ತಂಗುತ್ತದೆ. ಪೂರ್ಣ ಮಾರ್ಗವನ್ನು ಹತ್ತಲು ಐದು ಗಂಟೆಗಳಿಗೆ ಸಮೀಪದ ಕಾಲ ಹಿಡಿದರೆ ಇಳಿಯಲು ಮೂರೂವರೆ ಗಂಟೆ ಸಾಕು.

ಕೂನೂರಿನಿಂದ ಮುಂದಕ್ಕೆ ಏರು 25ಕ್ಕೆ 1ರಷ್ಟಿದ್ದು, ಇಲ್ಲಿ ಹಲ್ಲುಕಂಬಿ ಇಲ್ಲದ ಕಾರಣ ಡೀಸೆಲ್ ಎಂಜಿನ್ನುಗಳು ಗಾಡಿಯನ್ನು ಒಯ್ಯುತ್ತವೆ. ಕನ್ನಡಕ್ಕೆ ನಿಕಟವಾದ ನುಡಿಯನ್ನಾಡುವ, ಮೈಸೂರು ಸೀಮೆಯಿಂದ ಬಂದು ನೆಲಸಿದರೆನ್ನಲಾದ ಬಡಗರ ಹಳ್ಳಿಗಳು ಕೇತ್ತಿ ಕಣಿವೆಯಲ್ಲಿ ಹಾದಿಯುದ್ದಕ್ಕೂ ಕಾಣಸಿಗುತ್ತವೆ. ಮೈಸೂರು ಅರಸರ ಬೇಸಿಗೆಯ ನಿವಾಸವಾಗಿದ್ದ ಫರ್ನ್‌ಹಿಲ್ ಅರಮನೆ ಇರುವುದೂ ಉದಕಮಂಡಲದಲ್ಲಿಯೇ.

ಈಶಾನ್ಯ ಮಾರುತದ ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಇಂದಿಗೂ ತಪ್ಪಿಲ್ಲ. ದಕ್ಷಿಣ ರೈಲ್ವೆಯ ಅಧೀನದಲ್ಲಿರುವ ಈ ಮಾರ್ಗವನ್ನು ಯುನೆಸ್ಕೊ 2005ರಲ್ಲಿ, ಮೊದಲೇ ಪಟ್ಟಿಯಲ್ಲಿದ್ದ ಡಾರ್ಜಿಲಿಂಗ್ ರೈಲುಮಾರ್ಗದೊಂದಿಗೆ ಸೇರಿಸಿ ವಿಶ್ವಪರಂಪರೆಯ ತಾಣವೆಂದು ಮಾನ್ಯಮಾಡಿತು. ಹಳೆಯ ಎಂಜಿನ್ನುಗಳು ಸವೆದಂತೆ ಅವುಗಳ ಮಾದರಿಯಲ್ಲೇ ಹೊಸವನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಕಟ್ಟಲಾಗಿದ್ದು, ಇವುಗಳಲ್ಲಿ ಎಣ್ಣೆ ಉರಿಸುವವೂ ಕಲ್ಲಿದ್ದಲಿನಿಂದ ನಡೆಯುವವೂ ಸೇರಿವೆ.